ಸ್ಕೂಬಾ ತರಬೇತಿಗೆ ಸ್ವಂತ ಸಾಮಾನು: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಲಿಕೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮೂರು ಜಿಲ್ಲೆಗಳಿಗೂ ಕಡಲಿಲ್ಲ. ಇಲ್ಲಿಂದ ಸ್ಕೂಬಾ, ಅಂದರೆ ಬೆನ್ನಿನ ಸಿಲಿಂಡರಿನ ಗಾಳಿ ಉಸಿರಾಡುತ್ತಾ ಮುಳುಗಿ ಈಜುವುದನ್ನು, ಕಲಿಯಲು ಹೊರಟವರು ಸಾಮಾನ್ಯವಾಗಿ ಈಜುಕೊಳದ ಪಾಠವನ್ನು ಬೆಂಗಳೂರಿನಲ್ಲಿ ಮುಗಿಸಿ, ಸಮುದ್ರದ ಡೈವ್‌ಗಳಿಗೆ ಮುರುಡೇಶ್ವರಕ್ಕೋ ಗೋವಾಕ್ಕೋ ಪುದುಚೇರಿಗೋ ಅಂಡಮಾನಿಗೋ ಹೋಗುತ್ತಾರೆ. ಆ ಮಧ್ಯೆ ಆನ್‌ಲೈನಿನಲ್ಲಿ ಮಾಸ್ಕ್, ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ನೋಡಿ ಆಸೆಯಾಗುವುದು ಸಹಜ. ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ.

ಮೊದಲ ಕೋರ್ಸಿಗೇ ನನ್ನ ಸ್ವಂತ ಸಾಮಾನು ಬಳಸಬಹುದೇ?

ಬಳಸಬಹುದು. ಪ್ಯಾಡಿ, ಎಸ್‌ಎಸ್‌ಐ ತರಹದ ಡೈವಿಂಗ್ ತರಬೇತಿ ಸಂಸ್ಥೆಗಳ ಓಪನ್ ವಾಟರ್ ಎಂಬ ಮೊದಲ ಹಂತದ ಕೋರ್ಸಿನಲ್ಲಿ ಪ್ರತಿ ವಿದ್ಯಾರ್ಥಿಯ ಮೈಮೇಲೆ ಏನೇನಿರಬೇಕು ಎಂಬ ಪಟ್ಟಿ ಇರುತ್ತದೆ. ಅದು ಬಾಡಿಗೆಯದೋ ಸ್ವಂತದ್ದೋ ಎಂಬುದು ಮುಖ್ಯವಲ್ಲ. ಆದರೆ ನೀರಿಗಿಳಿಸುವ ಮುಂಚೆ ಪ್ರತಿಯೊಂದನ್ನೂ ನೋಡಿ ಒಪ್ಪುವ ಅಥವಾ ಪಕ್ಕಕ್ಕಿಡುವ ಅಧಿಕಾರ ಇನ್‌ಸ್ಟ್ರಕ್ಟರ್‌ಗಿದೆ. ನೀರೊಳಗೆ ನಿಮ್ಮ ಜವಾಬ್ದಾರಿ ಹೊತ್ತವರು ಅವರೇ, ಹಾಗಾಗಿ ಬೇಡವೆಂದರೆ ವಾದ ಮಾಡಬೇಡಿ.

ನಮ್ಮ ಸಲಹೆ ಸರಳ. ಮುಖಕ್ಕೆ, ಕಾಲಿಗೆ, ಮೈಗೆ ಸರಿಯಾಗಿ ಕೂರಬೇಕಾದ ವಸ್ತುಗಳು ನಿಮ್ಮವೇ ಆಗಿರಲಿ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್, ಗಾಳಿ ತುಂಬಿ ತೇಲಿಸುವ ಜಾಕೆಟ್ ಅಂದರೆ ಬಿಸಿಡಿ, ಇಂಥ ವಸ್ತುಗಳನ್ನು ಕೋರ್ಸ್ ಮುಗಿಯುವತನಕ ಡೈವ್ ಸೆಂಟರಿನಿಂದಲೇ ಪಡೆಯಿರಿ. ಏನೇ ತಂದರೂ ಅದು ಮೊದಲು ಕೊಳದಲ್ಲಿ ನೀರು ಕಾಣಬೇಕು. ಪ್ಯಾಕೆಟ್ ಒಡೆದು ನೇರ ಸಮುದ್ರಕ್ಕೆ ಇಳಿಯುವುದು ಬೇಡ.

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಒಂದೇ ದಿನದ ಟ್ರೈ ಡೈವ್ (ಕೋರ್ಸಿಲ್ಲದೆ ರುಚಿ ನೋಡುವ ಡೈವ್) ಮಾಡುತ್ತೇವೆ. ಅದಕ್ಕೂ ಬೇಕೇ?

ಬೇಡ. ಅಲ್ಲಿ ಇನ್‌ಸ್ಟ್ರಕ್ಟರ್ ನಿಮ್ಮನ್ನು ಹಿಡಿದುಕೊಂಡೇ ಇರುತ್ತಾರೆ, ಆಳವೂ 12 ಮೀಟರ್ ಮೀರುವುದಿಲ್ಲ. ಕನ್ನಡಕದ ಪವರ್ ಇರುವವರು ಮಾತ್ರ ಮಾಸ್ಕ್ ತಂದರೆ ಒಳ್ಳೆಯದು.

ಮೊದಲು ಕೊಳ್ಳಬೇಕಾದದ್ದು ಯಾವುದು?

ಮಾಸ್ಕ್. ಹೊಸಬರ ಗಾಬರಿ ಹೆಚ್ಚಾಗಿ ಶುರುವಾಗುವುದು ಮಾಸ್ಕಿನೊಳಗೆ ನೀರು ಬಂದಾಗ. ಮಾಸ್ಕಿಗೆ ನೀರು ತುಂಬಿಸಿ ಮೂಗಿನಿಂದ ಊದಿ ಹೊರಹಾಕುವುದು, ಪೂರ್ತಿ ತೆಗೆದು ಮತ್ತೆ ಹಾಕಿಕೊಳ್ಳುವುದು, ಮಾಸ್ಕಿಲ್ಲದೆ ಒಂದು ನಿಮಿಷ ಉಸಿರಾಡುವುದು, ಇವೆಲ್ಲ ಕೋರ್ಸಿನ ಪಾಠಗಳೇ. ಸೋರುವ ಮಾಸ್ಕ್ ಇದ್ದರೆ ಪ್ರತಿ ಪಾಠವೂ ಎರಡು ಪಟ್ಟು ಕಷ್ಟ.

ಅಳತೆ ನೋಡುವ ಕ್ರಮ ಹೀಗಿದೆ. ಪಟ್ಟಿಯನ್ನು ಮುಂದಕ್ಕೆ ಮಡಚಿ, ತಲೆ ಮೇಲೆತ್ತಿ ಸೂರು ನೋಡುತ್ತಾ ಮಾಸ್ಕನ್ನು ಮುಖದ ಮೇಲೆ ಸುಮ್ಮನೆ ಇಡಿ. ಹಣೆ, ಕೆನ್ನೆ, ಮೇಲ್ದುಟಿಯ ಹತ್ತಿರ ಸಿಲಿಕೋನ್ ಅಂಚು ಎಲ್ಲೂ ಎದ್ದು ನಿಲ್ಲಬಾರದು. ನಂತರ ಮೂಗಿನಿಂದ ಮೆಲ್ಲಗೆ ಉಸಿರೆಳೆದು ಹಿಡಿಯಿರಿ. ತಲೆ ಬಗ್ಗಿಸಿದರೂ ಮಾಸ್ಕ್ ಬೀಳದಿದ್ದರೆ ಅರ್ಧ ಪರೀಕ್ಷೆ ಪಾಸು. ಉಳಿದರ್ಧವನ್ನು ಬಾಯಲ್ಲಿ ಸ್ನಾರ್ಕೆಲ್ (ನೀರಿನ ಮೇಲಿನ ಗಾಳಿ ಉಸಿರಾಡುವ ಕೊಳವೆ) ಕಚ್ಚಿಕೊಂಡು ಮಾಡಿ, ಏಕೆಂದರೆ ಮೌತ್‌ಪೀಸ್ ಕಚ್ಚಿದಾಗ ಕೆನ್ನೆಯ ಆಕಾರ ಬದಲಾಗುತ್ತದೆ. ಅಂಗಡಿಯಲ್ಲಿ ಚೆನ್ನಾಗಿ ಕೂತ ಮಾಸ್ಕ್ ನೀರಿನಲ್ಲಿ ಸೋರಲು ಇದೇ ದೊಡ್ಡ ಕಾರಣ. ಕೊನೆಗೆ ಎರಡು ಬೆರಳಲ್ಲಿ ಮೂಗು ಹಿಡಿಯಲು ಆಗುತ್ತದೆಯೇ ನೋಡಿ. ಕಿವಿಯ ಒತ್ತಡ ಸರಿಪಡಿಸಲು ಅದು ಬೇಕೇ ಬೇಕು. ಗಾಜಿನ ಮೇಲೆ ಟೆಂಪರ್ಡ್ ಎಂಬ ಗುರುತಿರಲಿ, ಪ್ಲಾಸ್ಟಿಕ್ ಗಾಜು ಬೇಡ.

ಸೋರುವುದಕ್ಕೆ ಎಷ್ಟೋ ಸಲ ಮಾಸ್ಕ್ ಕಾರಣವಾಗಿರುವುದಿಲ್ಲ. ಬೆಳಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಂದರೆ ಪಟ್ಟಿ ಜಾರುತ್ತದೆ, ಹಣೆಯ ಜಿಡ್ಡಿಗೆ ಅಂಚು ಹಿಡಿಯುವುದಿಲ್ಲ. ದಪ್ಪ ಮೀಸೆಯವರು ಮೂಗಿನ ಕೆಳಗೆ ಒಂದು ಸಣ್ಣ ಗೆರೆಯಷ್ಟು ಬೋಳಿಸಿಕೊಂಡರೆ ಅಲ್ಲಿ ಸಿಲಿಕೋನ್ ಕೂರುತ್ತದೆ. ಮೂಗುತಿಯನ್ನು ತೆಗೆದಿಡಿ, ಮೂಗು ಹಿಡಿದು ಊದುವಾಗ ಚುಚ್ಚುತ್ತದೆ. ಕೂದಲ ಒಂದು ಎಳೆ ಅಂಚಿನೊಳಗೆ ಸಿಕ್ಕಿಕೊಂಡರೂ ಹನಿ ಹನಿಯಾಗಿ ನೀರು ಬರುತ್ತದೆ. ಪಟ್ಟಿಯನ್ನು ಬಿಗಿದಷ್ಟೂ ಒಳ್ಳೆಯದೆಂಬುದು ತಪ್ಪು. ಅತಿಯಾಗಿ ಬಿಗಿದರೆ ಅಂಚು ಮಡಚಿ ಇನ್ನಷ್ಟು ಸೋರುತ್ತದೆ.

ಹೊಸ ಮಾಸ್ಕ್ ಬರೀ ಮಂಜಾಗುತ್ತಿದೆ. ಕೆಟ್ಟದ್ದು ಬಂತೇ?

ಇಲ್ಲ. ತಯಾರಿಕೆಯ ವೇಳೆ ಗಾಜಿನ ಒಳಬದಿಗೆ ಸಿಲಿಕೋನಿನ ತೆಳು ಪದರ ಕೂತಿರುತ್ತದೆ. ಬಿಳಿ ಟೂತ್‌ಪೇಸ್ಟನ್ನು ಬೆರಳಿಗೆ ಹಾಕಿಕೊಂಡು ಒಳಬದಿಯನ್ನು ಒಂದೆರಡು ನಿಮಿಷ ಉಜ್ಜಿ ತೊಳೆಯಿರಿ, ಮೂರು ನಾಲ್ಕು ಸಲ ಹೀಗೆ ಮಾಡಿ. ಜೆಲ್ ಪೇಸ್ಟ್ ಕೆಲಸ ಮಾಡುವುದಿಲ್ಲ. ಗಾಜಿಗೆ ವಿಶೇಷ ಕೋಟಿಂಗ್ ಇದ್ದರೆ ಮಾತ್ರ ಪೇಸ್ಟ್ ಮುಟ್ಟಿಸಬೇಡಿ. ಲೈಟರಿನಿಂದ ಸುಡುವ ವಿಡಿಯೊಗಳನ್ನು ನಂಬಿ ಅಂಚು ಕರಗಿಸಿಕೊಳ್ಳಬೇಡಿ. ಮುಂದೆ ಪ್ರತಿ ಡೈವ್‌ಗೂ ಒಂದು ಹನಿ ಬೇಬಿ ಶಾಂಪೂ ಸವರಿ ಲಘುವಾಗಿ ತೊಳೆದರೆ ಸಾಕು.

ಕನ್ನಡಕ ಹಾಕುತ್ತೇನೆ. ಏನು ಮಾಡಲಿ?

ಮಾಸ್ಕಿನೊಳಗೆ ಕನ್ನಡಕ ಕೂರುವುದಿಲ್ಲ, ಕಡ್ಡಿಗಳು ಅಂಚನ್ನು ಎತ್ತಿಬಿಡುತ್ತವೆ. ಎರಡು ಗಾಜಿನ ಮಾಸ್ಕುಗಳಲ್ಲಿ ಹಲವಕ್ಕೆ ಅರ್ಧರ್ಧ ಪವರಿನ ಮೆಟ್ಟಿಲಲ್ಲಿ ರೆಡಿಮೇಡ್ ಮೈನಸ್ ಲೆನ್ಸ್ ಸಿಗುತ್ತದೆ. ಕೊಳ್ಳುವಾಗಲೇ ಕೇಳಿ. ಮೃದು ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಡೈವ್ ಮಾಡಬಹುದು, ಆದರೆ ಮಾಸ್ಕ್ ತೆಗೆಯುವ ಪಾಠದಲ್ಲಿ ಕಣ್ಣು ಮುಚ್ಚಿಕೊಂಡಿರಬೇಕು. ವಿಷಯವನ್ನು ಇನ್‌ಸ್ಟ್ರಕ್ಟರಿಗೆ ಮುಂಚೆಯೇ ಹೇಳಿಬಿಡಿ. ಬರೀ ಓದಲು ಪ್ಲಸ್ ಪವರ್ ಬೇಕಾದವರಿಗೆ ಸಿಲಿಂಡರಿನಲ್ಲಿ ಉಳಿದ ಗಾಳಿ ತೋರಿಸುವ ಗೇಜಿನ ಅಂಕಿ ಕಾಣುವುದೇ ತೊಂದರೆ. ಅವರಿಗೆ ಕೆಳಗಡೆ ಅಂಟಿಸುವ ಸಣ್ಣ ಲೆನ್ಸ್ ಇದೆ.

ಈಜುವ ಗಾಗಲ್ಸ್, ಇಡೀ ಮುಖ ಮುಚ್ಚುವ ಸ್ನಾರ್ಕೆಲ್ ಮಾಸ್ಕ್, ಕಿವಿಗೆ ಇಯರ್‌ಪ್ಲಗ್?

ಮೂರೂ ಬೇಡ. ಆಳಕ್ಕೆ ಹೋದಂತೆ ಮಾಸ್ಕಿನೊಳಗಿನ ಗಾಳಿ ಕುಗ್ಗುತ್ತದೆ, ಆಗ ಮೂಗಿನಿಂದ ಸ್ವಲ್ಪ ಊದಿ ಸರಿಪಡಿಸಬೇಕು. ಗಾಗಲ್ಸ್ ಮೂಗನ್ನು ಒಳಗೊಳ್ಳದ ಕಾರಣ ಕಣ್ಣನ್ನೇ ಹೀರಿ ರಕ್ತ ಕಟ್ಟಿಸುತ್ತದೆ. ಇಡೀ ಮುಖದ ಸ್ನಾರ್ಕೆಲ್ ಮಾಸ್ಕ್ ಹಾಕಿದರೆ ರೆಗ್ಯುಲೇಟರನ್ನು ಬಾಯಿಗಿಡಲು ಜಾಗವೇ ಇಲ್ಲ. ಇಯರ್‌ಪ್ಲಗ್ ಹಾಕಿದರೆ ಪ್ಲಗ್ ಮತ್ತು ತಮಟೆಯ ನಡುವೆ ಗಾಳಿ ಸಿಕ್ಕಿಕೊಂಡು ಕಿವಿಗೆ ಪೆಟ್ಟಾಗುತ್ತದೆ.

ಫಿನ್ ಯಾವುದು ಸರಿ?

ಎರಡು ಬಗೆ ಇವೆ. ಬರಿಗಾಲಿಗೆ ಶೂ ತರಹ ಹಾಕುವುದು ಒಂದು, ಬೂಟಿ (ಡೈವಿಂಗಿನ ಮೆತ್ತನೆಯ ಬೂಟು) ಹಾಕಿಕೊಂಡು ಹಿಂದೆ ಪಟ್ಟಿ ಬಿಗಿಯುವುದು ಇನ್ನೊಂದು. ಕೊಳ ಮತ್ತು ನಮ್ಮ ಬೆಚ್ಚಗಿನ ಕಡಲಿಗೆ ಮೊದಲನೆಯದು ಸಾಕು, ಬ್ಯಾಗಿನಲ್ಲೂ ಹಗುರ. ಎರಡನೆಯದನ್ನು ಕೊಳ್ಳುವುದಾದರೆ ಬೂಟಿ ಹಾಕಿಯೇ ಅಳತೆ ನೋಡಿ. ಫಿನ್ ಅಳತೆ ಬಹಳ ಸಲ ಯುರೋಪಿನ ಸಂಖ್ಯೆಯಲ್ಲಿರುತ್ತದೆ. ನಮ್ಮ ಚಪ್ಪಲಿ ಅಂಗಡಿಯ 8 ಅಲ್ಲಿ ಸುಮಾರು 42. ಬೆರಳು ಮುದುಡಿದರೆ ಹತ್ತು ನಿಮಿಷದಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ. ಸಡಿಲವಾದರೆ ಹಿಮ್ಮಡಿ ಉಜ್ಜಿ ಗುಳ್ಳೆ ಏಳುತ್ತದೆ, ಮರುದಿನದ ಎರಡು ಡೈವ್ ನರಕವಾಗುತ್ತದೆ. ಫ್ರೀಡೈವಿಂಗ್‌ನ (ಸಿಲಿಂಡರಿಲ್ಲದೆ ಉಸಿರು ಕಟ್ಟಿ ಮುಳುಗುವುದರ) ಮಾರುದ್ದದ ಫಿನ್ ಕಲಿಕೆಗೆ ಬೇಡ, ಪಕ್ಕದ ವಿದ್ಯಾರ್ಥಿಯ ಮಾಸ್ಕ್ ಒದ್ದು ಕಿತ್ತುಬಿಡುತ್ತದೆ.

ವೆಟ್‌ಸೂಟ್ ಕೊಳ್ಳಲೇ? ಒಳಗೆ ಏನು ಹಾಕಬೇಕು?

ನೇತ್ರಾಣಿ ಸುತ್ತಿನ ನೀರು ಡೈವಿಂಗ್ ಋತುವಿನಲ್ಲಿ ಸುಮಾರು 26ರಿಂದ 30 ಡಿಗ್ರಿ ಇರುತ್ತದೆ, 3 ಮಿ.ಮೀ. ಸೂಟ್ ಧಾರಾಳ. ಮುಂಗಾರಿನ ತಿಂಗಳುಗಳಲ್ಲಿ ಅಲ್ಲಿ ಡೈವಿಂಗ್ ಇರುವುದಿಲ್ಲ. ಬಾಡಿಗೆ ಸೂಟು ಹಾಕಲು ಮುಜುಗರ ಇರುವವರು, ಸೆಂಟರಿನಲ್ಲಿ ತಮ್ಮ ಅಳತೆ ಸಿಗದ ಹೆಣ್ಣುಮಕ್ಕಳು ಸ್ವಂತದ್ದು ಕೊಳ್ಳುವುದು ನ್ಯಾಯವೇ. ಒಳಗೆ ನೈಲಾನ್ ಅಥವಾ ಲೈಕ್ರಾದ ಉದ್ದ ಲೆಗ್ಗಿಂಗ್, ತೋಳುದ್ದದ ರ‍್ಯಾಶ್‌ಗಾರ್ಡ್ (ಮೈಗಂಟುವ ಈಜಿನ ಅಂಗಿ) ಹಾಕಬಹುದು. ಹತ್ತಿಯ ಟೀಶರ್ಟ್, ಚೂಡಿದಾರ್ ಪ್ಯಾಂಟು, ಜೀನ್ಸ್ ಬೇಡ. ನೀರು ಕುಡಿದು ಭಾರವಾಗಿ ಮೈಗೆ ಸುತ್ತಿಕೊಳ್ಳುತ್ತವೆ. ಸೂಟು ಒಣಗಿದ್ದಾಗ ಬಿಗಿ ಅನ್ನಿಸಬೇಕು, ಆದರೆ ಎದೆ ತುಂಬ ಉಸಿರೆಳೆಯಲು, ಕತ್ತು ತಿರುಗಿಸಲು ಆಗಬೇಕು. ಕತ್ತು ಅಮುಕುವ ಸೂಟು ನೀರಿನಲ್ಲಿ ವಿನಾಕಾರಣ ಭಯ ಹುಟ್ಟಿಸುತ್ತದೆ.

ಸ್ವಂತ ಸೂಟ್ ತಂದರೆ ತೂಕ ಯಾಕೆ ಬದಲಾಗುತ್ತದೆ?

ತೂಕವೆಂದರೆ ಮುಳುಗಲು ಸೊಂಟದ ಬೆಲ್ಟಿಗೋ ಜೇಬಿಗೋ ಹಾಕಿಕೊಳ್ಳುವ ಸೀಸದ ಬಟ್ಟು, ಇದನ್ನು ಚೆನ್ನಾಗಿ ತಿಳಿದುಕೊಳ್ಳಿ. ವೆಟ್‌ಸೂಟಿನ ನಿಯೊಪ್ರೀನ್ ತುಂಬ ಗಾಳಿಯ ಗುಳ್ಳೆಗಳಿವೆ, ಅದು ತೇಲಿಸುತ್ತದೆ. ಹಳೆಯ ಬಾಡಿಗೆ ಸೂಟಿನಲ್ಲಿ ಗುಳ್ಳೆಗಳು ಜಜ್ಜಿಹೋಗಿರುತ್ತವೆ, ಹೊಸದರಲ್ಲಿ ಹಾಗೇ ಇರುತ್ತವೆ. ಬಾಡಿಗೆ ಸೂಟಿಗೆ ಲೆಕ್ಕ ಹಾಕಿದ ತೂಕ ನಿಮ್ಮ ಹೊಸ ಸೂಟಿಗೆ ಸಾಲುವುದಿಲ್ಲ, 5 ಮಿ.ಮೀ. ಆದರಂತೂ ಇನ್ನೂ ಹೆಚ್ಚು ಬೇಕು.

ಪರೀಕ್ಷೆ ಹೀಗೆ: ಎಲ್ಲ ಸಾಮಾನು ತೊಟ್ಟು, ಕಾಲಿಗೆ ನೆಲ ಸಿಗದ ನೀರಿನಲ್ಲಿ ನೆಟ್ಟಗೆ ನಿಂತು, ರೆಗ್ಯುಲೇಟರ್ ಬಾಯಲ್ಲಿಟ್ಟು, ಬಿಸಿಡಿಯ ಗಾಳಿ ಪೂರ್ತಿ ಬಿಡಿ. ಮಾಮೂಲಿ ಉಸಿರು ಒಳಗಿದ್ದಾಗ ನೀರಿನ ಮಟ್ಟ ಕಣ್ಣಿಗೆ ಸಮ ಬರಬೇಕು, ಉಸಿರು ಬಿಟ್ಟರೆ ಮೆಲ್ಲಗೆ ಮುಳುಗಬೇಕು. ಸಿಲಿಂಡರ್ ತುಂಬಿದ್ದರೆ ಈ ಪರೀಕ್ಷೆಯ ಮೇಲೆ ಸುಮಾರು 2 ಕೆ.ಜಿ. ಸೇರಿಸಿ. ಸಾಮಾನ್ಯ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್ 200 ಬಾರ್‌ನಿಂದ 50 ಬಾರ್‌ಗೆ (ಬಾರ್ ಎಂದರೆ ಗಾಳಿಯ ಒತ್ತಡದ ಅಳತೆ) ಇಳಿಯುವಷ್ಟರಲ್ಲಿ ಅಷ್ಟು ತೂಕದ ಗಾಳಿ ಖರ್ಚಾಗಿ ನೀವು ಹಗುರಾಗಿರುತ್ತೀರಿ. ಡೈವಿನ ಕೊನೆಗೆ ಸುರಕ್ಷತೆಗಾಗಿ 5 ಮೀಟರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾದಾಗ ನಿಲ್ಲಲಾಗದೆ ಮೇಲಕ್ಕೆ ಎಳೆದುಕೊಂಡು ಹೋಗುವುದು ಈ ಲೆಕ್ಕ ತಪ್ಪಿದಾಗ.

ಇನ್ನೊಂದು ಬದಲಾವಣೆ ಉಪ್ಪುನೀರಿನದು. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ನೂರಕ್ಕೆ ಎರಡೂವರೆ ಪಾಲು ಭಾರ. ನೀವು, ಸಿಲಿಂಡರ್, ಸಾಮಾನು ಸೇರಿ 95 ಕೆ.ಜಿ. ಇದ್ದರೆ ಕೊಳದಲ್ಲಿ ಸರಿಹೋದ ತೂಕಕ್ಕೆ ಕಡಲಲ್ಲಿ ಇನ್ನೂ 2ರಿಂದ 3 ಕೆ.ಜಿ. ಬೇಕು. ಕೊಳದ ಅಂಕಿಯನ್ನು ಬರೆದಿಟ್ಟುಕೊಂಡು ಹೋಗಿ, ದೋಣಿಯಲ್ಲಿ ಇನ್‌ಸ್ಟ್ರಕ್ಟರಿಗೆ ಹೇಳಲು ಒಂದು ಆಧಾರ ಸಿಗುತ್ತದೆ.

ಅಮೆರಿಕದಲ್ಲಿರುವ ಅಣ್ಣ ತನ್ನ ಹಳೆಯ ರೆಗ್ಯುಲೇಟರ್, ಬಿಸಿಡಿ ಕೊಟ್ಟಿದ್ದಾನೆ. ಇದರಲ್ಲೇ ಕಲಿಯಲೇ?

ಸರ್ವಿಸ್ ಆಗದೆ ಬೇಡ. ರೆಗ್ಯುಲೇಟರಿನೊಳಗೆ ರಬ್ಬರಿನ ಓರಿಂಗ್, ಡಯಾಫ್ರಮ್, ಸಣ್ಣ ಸೀಟುಗಳಿವೆ. ಬಳಸದೆ ಕಪಾಟಿನಲ್ಲಿಟ್ಟರೂ ಇವು ಒಣಗಿ ಬಿರಿಯುತ್ತವೆ. ಆ ಕಂಪನಿಯ ಬಿಡಿಭಾಗ ಭಾರತದಲ್ಲಿ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ಸಿಗದಿದ್ದರೆ ಪುಕ್ಕಟೆ ಬಂದದ್ದೂ ದುಬಾರಿಯೇ.

ಸರ್ವಿಸ್ ಆಗಿದ್ದರೂ ನಾಲ್ಕು ವಿಷಯ ನೋಡಬೇಕು. ಒಂದು, ಜೋಡಣೆ: ಯೋಕ್ ಬಗೆಯದು ಸಿಲಿಂಡರಿನ ವಾಲ್ವನ್ನು ಹಿಡಿಕೆಯಿಂದ ಕಚ್ಚುತ್ತದೆ, ಡಿನ್ ಬಗೆಯದು ಒಳಗೆ ತಿರುಪಿಕೊಳ್ಳುತ್ತದೆ. ಸೆಂಟರಿನ ಸಿಲಿಂಡರ್ ಯಾವುದೆಂದು ಕೇಳಿ. ಕೆಲವು ವಾಲ್ವಿನ ನಡುವಿನ ತಿರುಪನ್ನು ಅಲೆನ್ ಕೀಲಿಯಿಂದ ತೆಗೆದರೆ ಡಿನ್ ಕೂರುತ್ತದೆ, ಅದನ್ನು ಸೆಂಟರಿನವರೇ ಮಾಡಲಿ. ಎರಡು, ಗೇಜು: ಅಮೆರಿಕದ ಗೇಜು ಒತ್ತಡವನ್ನು ಪಿಎಸ್‌ಐ ಎಂಬ ಅಳತೆಯಲ್ಲಿ ತೋರಿಸುತ್ತದೆ, ಇಲ್ಲಿ ಕೈಸನ್ನೆ ಬಾರ್ ಲೆಕ್ಕದಲ್ಲಿ. ಹಿಂದಿರುಗಬೇಕಾದ 50 ಬಾರ್ ನಿಮ್ಮ ಗೇಜಿನಲ್ಲಿ ಸುಮಾರು 700 ಎಂದು ಕಾಣುತ್ತದೆ. ಗಾಬರಿಯಲ್ಲಿ ಈ ಭಾಗಾಕಾರ ಯಾರಿಗೂ ಹೊಳೆಯುವುದಿಲ್ಲ, ಬಾರ್ ಗೇಜಿಗೆ ಬದಲಿಸಿಕೊಳ್ಳಿ. ಮೂರು, ಜೊತೆಗಾರನಿಗೆ ಕೊಡಲು ಎರಡನೆಯ ಬಾಯಿ, ಅಂದರೆ ಆಕ್ಟೋಪಸ್, ಇರಲೇಬೇಕು. ನಾಲ್ಕು, ಬಿಸಿಡಿಯ ಗಾಳಿ ಪೈಪಿನ ಕೊಂಡಿ ಆ ಬಿಸಿಡಿಗೇ ಹೊಂದಬೇಕು.

ಕೊಳದ ದಂಡೆಯಲ್ಲಿ ಈ ಪರೀಕ್ಷೆ ಮಾಡಿ. ವಾಲ್ವ್ ತೆರೆಯುವ ಮುಂಚೆ ಎರಡೂ ಮೌತ್‌ಪೀಸಿನಿಂದ ಉಸಿರೆಳೆಯಿರಿ. ಏನೂ ಬರಬಾರದು, ಬಂದರೆ ಎಲ್ಲೋ ಸೀಳಿದೆ. ವಾಲ್ವ್ ಮೆಲ್ಲಗೆ ತೆರೆದು, ಗೇಜಿನ ಮೇಲೆ ಕಣ್ಣಿಟ್ಟು ನಾಲ್ಕೈದು ಸಲ ಉಸಿರಾಡಿ. ಮುಳ್ಳು ಕುಣಿದರೆ ವಾಲ್ವ್ ಪೂರ್ತಿ ತೆರೆದಿಲ್ಲ ಅಥವಾ ಒಳಗೆ ಅಡಚಣೆಯಿದೆ. ಬಿಸಿಡಿಯನ್ನು ಉಬ್ಬಿಸಿ ಹತ್ತು ನಿಮಿಷ ಬಿಡಿ, ಮೆತ್ತಗಾದರೆ ಸೋರುತ್ತಿದೆ.

ಬೆನ್ನ ಹಿಂದೆ ಮಾತ್ರ ಉಬ್ಬುವ ವಿಂಗ್ ಬಗೆಯ ಬಿಸಿಡಿ ನೀರಿನ ಮೇಲೆ ಹೊಸಬರ ಮುಖವನ್ನು ಮುಂದಕ್ಕೆ ತಳ್ಳುತ್ತದೆ. ಬಿಸಿಡಿ ಮತ್ತು ತೂಕ ಎರಡನ್ನೂ ಬಿಚ್ಚಿ ಮತ್ತೆ ತೊಡುವ ಪಾಠ ಕೋರ್ಸಿನಲ್ಲಿದೆ. ಬಕಲ್ ಒಂದೇ ಕೈಯಲ್ಲಿ ಬಿಚ್ಚಬೇಕು, ತೂಕದ ಜೇಬು ಒಂದೇ ಎಳೆತಕ್ಕೆ ಬರಬೇಕು. ಬರದಿದ್ದರೆ ಅದು ಕಲಿಕೆಗೆ ಲಾಯಕ್ಕಲ್ಲ.

ಸಿಲಿಂಡರ್ ಕೊಂಡು ಇಲ್ಲೇ ಎಲ್ಲಾದರೂ ಗಾಳಿ ತುಂಬಿಸಿಕೊಳ್ಳಬಹುದೇ?

ದಯವಿಟ್ಟು ಬೇಡ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಇರಲಿ, ವಸಂತನರಸಾಪುರ ಅಥವಾ ನರಸಾಪುರದ ಕಾರ್ಖಾನೆಯದಿರಲಿ, ಸಾಮಾನ್ಯವಾಗಿ 7ರಿಂದ 10 ಬಾರ್ ಒತ್ತಡದ್ದು. ಸ್ಕೂಬಾಕ್ಕೆ ಬೇಕಾದದ್ದು 200. ಒತ್ತಡಕ್ಕಿಂತ ದೊಡ್ಡ ಅಪಾಯ ಎಣ್ಣೆಯ ಆವಿ ಮತ್ತು ಕಾರ್ಬನ್ ಮಾನಾಕ್ಸೈಡ್. ನೆಲದ ಮೇಲೆ ತಲೆನೋವು ತರುವಷ್ಟು ವಿಷ 18 ಮೀಟರ್ ಆಳದಲ್ಲಿ ಸುಮಾರು ಮೂರು ಪಟ್ಟು ಪರಿಣಾಮ ಮಾಡಿ ಪ್ರಜ್ಞೆ ತಪ್ಪಿಸುತ್ತದೆ. ವೆಲ್ಡಿಂಗ್ ಗ್ಯಾಸ್ ಅಂಗಡಿಯಲ್ಲಿ ಆಕ್ಸಿಜನ್ ತುಂಬಿಸುವ ಯೋಚನೆ ಇನ್ನೂ ಕೆಟ್ಟದ್ದು. ಶುದ್ಧ ಆಕ್ಸಿಜನ್ 6 ಮೀಟರಿಗಿಂತ ಕೆಳಗೆ ಫಿಟ್ಸ್ ತರಿಸಬಲ್ಲದು, ನೀರೊಳಗೆ ಫಿಟ್ಸ್ ಬಂದರೆ ಬದುಕುವುದು ಕಷ್ಟ. ಇಂಥ ಸಿಲಿಂಡರ್ ತರಿಸಲು, ತುಂಬಲು ಪೆಸೊ, ಅಂದರೆ ಕೇಂದ್ರ ಸರ್ಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ, ನಿಯಮಗಳೂ ಇವೆ. ಸಿಲಿಂಡರ್ ಯಾವತ್ತೂ ಸೆಂಟರಿನದೇ ಇರಲಿ.

ಡೈವ್ ಕಂಪ್ಯೂಟರ್ ಕೊಳ್ಳಲೇ? ನನ್ನ ಸ್ಮಾರ್ಟ್‌ವಾಚ್ 50 ಮೀಟರ್ ವಾಟರ್‌ಪ್ರೂಫ್ ಇದೆಯಲ್ಲ?

ಆ 50 ಮೀಟರ್ ಕೇಸಿನ ಒತ್ತಡ ಪರೀಕ್ಷೆಯ ಅಂಕಿ, ಡೈವ್ ಮಾಡಬಹುದು ಎಂಬ ಅರ್ಥವಿಲ್ಲ. ಆಳ, ಸಮಯ, ಮೈಯಲ್ಲಿ ಕರಗಿದ ನೈಟ್ರೋಜನ್ ಲೆಕ್ಕ ಹಾಕುವ, ಡೈವಿಂಗಿಗೆಂದೇ ಮಾಡಿದ್ದು ಬೇಕು. ಹಣವಿದ್ದರೆ ಮಾಸ್ಕಿನ ನಂತರ ಕೊಳ್ಳಬೇಕಾದದ್ದು ಕಂಪ್ಯೂಟರೇ. ಸೆಟ್ಟಿಂಗಿನಲ್ಲಿ ಮೀಟರ್ ಮತ್ತು ಬಾರ್, ಗಾಳಿಯಲ್ಲಿ ಆಕ್ಸಿಜನ್ 21 ಶೇಕಡಾ ಎಂದು ಇಟ್ಟುಕೊಳ್ಳಿ. ಡೈವ್ ದಿನಗಳ ನಡುವೆ ಅದನ್ನು ಇನ್ನೊಬ್ಬರಿಗೆ ಕೊಡಬೇಡಿ, ನಿಮ್ಮ ಮೈಯಲ್ಲಿರುವ ನೈಟ್ರೋಜನ್ ಲೆಕ್ಕ ಅದರಲ್ಲಿದೆ.

ನಮ್ಮ ಕಡೆಯವರಿಗೆ ಇದರಲ್ಲೊಂದು ವಿಶೇಷ ಉಪಯೋಗವಿದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಪಟ್ಟಣಗಳು ಸಮುದ್ರಮಟ್ಟದಿಂದ ಸುಮಾರು 800ರಿಂದ 900 ಮೀಟರ್ ಎತ್ತರದಲ್ಲಿವೆ. ಒತ್ತಡ ಕಡಿಮೆಯಾದರೆ ಮೈಯಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಯಾಗಬಹುದು, ಹಾಗಾಗಿ ಡೈವ್ ಆದ ಕೂಡಲೇ ವಿಮಾನ ಹತ್ತಬಾರದೆಂದು ಡೈವರ್‌ಗಳಿಗೆಲ್ಲ ಗೊತ್ತು. ಘಟ್ಟ ಹತ್ತಿ ಮನೆಗೆ ಬರುವುದೂ ಗಾಳಿಯ ಒತ್ತಡ ಕಡಿಮೆಯಿರುವ ಕಡೆಗೆ ಹೋಗುವುದೇ ಎಂಬುದನ್ನು ಮರೆಯುತ್ತೇವೆ. ಡೈವರ್‌ಗಳ ಸುರಕ್ಷತೆಯ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ವಿಮಾನ ಸಲಹೆ 600ರಿಂದ 2,400 ಮೀಟರ್ ಎತ್ತರದ ಒತ್ತಡಕ್ಕೆ ಸಂಬಂಧಿಸಿದ್ದು: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ದಿನಕ್ಕೆರಡು ಅಥವಾ ಹಲವು ದಿನ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಬಿಡಬೇಕು. ನಮ್ಮೂರು ಆ ವ್ಯಾಪ್ತಿಯೊಳಗೇ ಇದೆ. ಓಪನ್ ವಾಟರ್‌ನ ನಾಲ್ಕು ಡೈವ್ ಎರಡು ದಿನದಲ್ಲಿ ಮುಗಿಯುವುದರಿಂದ ನಿಮಗೆ 18ರ ಲೆಕ್ಕ. ಕೊನೆಯ ಡೈವಿನಿಂದ ಬೆಳಗ್ಗೆ 11ಕ್ಕೆ ಮೇಲೆ ಬಂದರೆ ಮರುದಿನ ಬೆಳಗಿನ 5ರ ನಂತರ ಮುರುಡೇಶ್ವರ ಬಿಡಿ. ಅಂದೇ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಬೇಡಿ. ಕಂಪ್ಯೂಟರಿನ ನೋ-ಫ್ಲೈ ಗಡಿಯಾರವನ್ನು ಮನೆಗೆ ಹೊರಡುವ ಗಡಿಯಾರವೆಂದೇ ಓದಿಕೊಳ್ಳಿ.

ಗೋಪ್ರೊ, ಟಾರ್ಚು, ಚಾಕು?

ಕ್ಯಾಮೆರಾ ಕೋರ್ಸ್ ಮುಗಿದ ಮೇಲೆ. ಪರದೆ ನೋಡುತ್ತಾ ಹೊಸಬರು ಆಳವನ್ನೂ ಗಾಳಿಯನ್ನೂ ಮರೆಯುತ್ತಾರೆ. ಟಾರ್ಚು, ಚಾಕು ಈಗ ಬೇಡ. ಒಂದು ಸೀಟಿ ಮಾತ್ರ ಬಿಸಿಡಿಗೆ ಕಟ್ಟಿರಲಿ.

ಸಾಮಾನು ಪರೀಕ್ಷೆಗೆ ಊರಿನ ಕೆರೆ, ಬಾವಿ, ಕ್ವಾರಿ ಆಗುತ್ತದೆಯೇ?

ತೋಟದ ಬಾವಿಯಲ್ಲಿ ಈಜು ಕಲಿತವರು ನಮ್ಮಲ್ಲಿ ಬಹಳ, ಧೈರ್ಯವೂ ಇದೆ. ಆದರೂ ಬೇಡ. ಕಲ್ಲು ಕ್ವಾರಿಗಳ ಗೋಡೆ ನೆಟ್ಟಗಿರುತ್ತದೆ, ಹತ್ತಿ ಬರಲು ಹಿಡಿತವಿಲ್ಲ, ಎರಡು ಮೀಟರ್ ಕೆಳಗೆ ಏನೂ ಕಾಣುವುದಿಲ್ಲ. ಕೋಲಾರದ ಅನೇಕ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ, ಅಂದರೆ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ, ನೀರು ಬರುತ್ತಿದೆ, ಚಿಕ್ಕಬಳ್ಳಾಪುರದ ಕಡೆ ಎಚ್.ಎನ್. ವ್ಯಾಲಿಯದು. ಅಂತರ್ಜಲ ತುಂಬಲು ತಂದ ಆ ನೀರನ್ನು ಬಾಯಿ, ಕಣ್ಣು, ಕಿವಿಗೆ ಹಾಕಿಕೊಳ್ಳುವುದು ಬೇಡ. ಮಾಸ್ಕ್, ಫಿನ್, ಸ್ನಾರ್ಕೆಲ್ ಅಭ್ಯಾಸಕ್ಕೆ ಲೈಫ್‌ಗಾರ್ಡ್ ಇರುವ ಈಜುಕೊಳ ಸಾಕು. ಒಬ್ಬರೇ ಉಸಿರು ಕಟ್ಟಿ ಮುಳುಗುವ ಆಟ ಮಾತ್ರ ಅಲ್ಲೂ ಬೇಡ.

ಮನೆಗೆ ತಂದಮೇಲೆ ತೊಳೆಯುವುದು ಹೇಗೆ? ನಮ್ಮದು ಬೋರ್‌ವೆಲ್ ನೀರು.

ಮೊದಲ ತೊಳೆತ ಕಡಲ ದಂಡೆಯಲ್ಲೇ, ಉಪ್ಪು ಒಣಗುವ ಮುಂಚೆ ಆಗಬೇಕು. ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ರೆಗ್ಯುಲೇಟರ್ ಇದ್ದರೆ ಸಿಲಿಂಡರಿಗೆ ಕೂರುವ ತುದಿಯ ಮುಚ್ಚಳವನ್ನು ಒರೆಸಿ ಒಣಗಿಸಿ ಬಿಗಿಯಾಗಿ ಹಾಕಿರಬೇಕು. ನೆನೆದಿರುವಾಗ ಬಾಯಿಗಿಡುವ ಭಾಗದ ಮೇಲಿನ ಪರ್ಜ್ ಗುಂಡಿ ಒತ್ತಬೇಡಿ, ಪೈಪಿನೊಳಗೆ ನೀರು ನುಗ್ಗುತ್ತದೆ. ಬಿಸಿಡಿಯೊಳಗೂ ಒಂದು ಲೀಟರ್ ನೀರು ಬಿಟ್ಟು ಕುಲುಕಿ ಚೆಲ್ಲಿ.

ನಮ್ಮ ಬೋರ್‌ವೆಲ್ ನೀರಿನ ಗಡಸು ಸೋಲಾರ್ ಪೈಪಿನ ಬಾಯಲ್ಲಿ ಬಿಳಿ ಹರಳಾಗಿ ಕೂತಿರುವುದನ್ನು ನೋಡಿದ್ದೀರಿ. ಅದೇ ಹರಳು ಜಿಪ್ಪು, ಬಕಲ್, ಬಿಸಿಡಿಗೆ ಗಾಳಿ ತುಂಬುವ ಇನ್‌ಫ್ಲೇಟರ್ ಗುಂಡಿಯಲ್ಲಿ ಕೂತರೆ ಗುಂಡಿ ಒತ್ತಿದಲ್ಲೇ ಸಿಕ್ಕಿಕೊಂಡು ಬಿಸಿಡಿ ತಾನಾಗಿ ಉಬ್ಬುತ್ತದೆ. ಮೊದಲೆರಡು ಸಲ ಬೋರ್ ನೀರಿನಲ್ಲೇ ತೊಳೆಯಿರಿ, ಕೊನೆಯ ಸಲ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು 20 ಲೀಟರ್ ಕ್ಯಾನ್ ತಂದು ಅದರಲ್ಲಿ ಅದ್ದಿ ತೆಗೆಯಿರಿ. ಮಳೆನೀರು ಹಿಡಿದಿದ್ದರೆ ಇನ್ನೂ ಒಳ್ಳೆಯದು.

ಒಣಗಿಸುವುದು ನೆರಳಲ್ಲಿ, ಟೆರೇಸಿನ ಬಿಸಿಲಲ್ಲಿ ಬೇಡ. ಸೂಟನ್ನು ದಪ್ಪ ಹ್ಯಾಂಗರಿಗೆ ಹಾಕಿ. ಸಿಲಿಕೋನನ್ನು ಇಲಿ ಕಡಿಯುತ್ತದೆ, ಮಾಸ್ಕಿಗೆ ಗಟ್ಟಿ ಡಬ್ಬಿ ಇರಲಿ. ರೇಷ್ಮೆ ಹುಳು ಸಾಕುವ ಮನೆಯ ಅಟ್ಟದಲ್ಲಿ ಮಾತ್ರ ಇಡಬೇಡಿ. ಅಲ್ಲಿ ಸೋಂಕು ನಿವಾರಣೆಗೆ ಬಳಸುವ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ನಿಯೊಪ್ರೀನನ್ನು ತಿನ್ನುತ್ತದೆ, ಫಾರ್ಮಲಿನ್ ವಾಸನೆ ಉಸಿರಾಡುವ ಪೈಪಿಗೆ ಅಂಟುತ್ತದೆ.

ಸ್ವಂತ ಸಾಮಾನು ತಂದರೆ ಫೀಸು ಕಡಿಮೆಯಾಗುತ್ತದೆಯೇ?

ಬಹಳ ಕಡೆ ಫೀಸಿನಲ್ಲೇ ಸಾಮಾನು ಸೇರಿರುತ್ತದೆ, ಮಾಸ್ಕ್ ಫಿನ್ ತಂದಿದ್ದಕ್ಕೆ ಕಡಿತ ಕೇಳುವಂತಿಲ್ಲ. ದುಡ್ಡು ಕಟ್ಟುವ ಮುಂಚೆ ಫೋನಿನಲ್ಲಿ ಇಷ್ಟು ಕೇಳಿಕೊಳ್ಳಿ: ನಿಮ್ಮ ಸಿಲಿಂಡರ್ ಯೋಕೋ ಡಿನ್ನೋ, ತೂಕಕ್ಕೆ ಬೆಲ್ಟೋ ಜೇಬೋ, ನನ್ನ ಅಳತೆಯ ಸೂಟು ಇದೆಯೋ. ತರುವ ಸಾಮಾನಿನ ಫೋಟೊ, ಸರ್ವಿಸ್ ಆಗಿದ್ದರೆ ಅದರ ಚೀಟಿ ವಾಟ್ಸಾಪಿನಲ್ಲಿ ಕಳಿಸಿ. ಬೇಡವೆನ್ನುವುದಿದ್ದರೆ ಅಲ್ಲೇ ಹೇಳುತ್ತಾರೆ, ಅಷ್ಟು ಭಾರ ಹೊತ್ತು ಘಟ್ಟ ಇಳಿಯುವುದು ತಪ್ಪುತ್ತದೆ.